ಬಪ್ಪಂಗಾಯಿಯ ಹಿಂದಂದ ಬಂದ ಬೆಳಿ ಹುಳು

ನಮ್ಮ ಅಡಿಗೆ ಒಳ ನಿತ್ಯ ಕಾಂಬ ನೆಟ್ಟಿಕಾಯಿ, ಹಣ್ಣುಗಳ ಹೆಸರಿನ ಒಂದರಿ ನಿಧಾನಕ್ಕೆ ನೋಡಿ. ಚೀನಿಕಾಯಿ ಹೇಳ್ತು ನಾವು. ಅದು ಚೀನಂದ ಬಂದದಲ್ಲ, ಅಮೇರಿಕಾ ಖಂಡಂದ ಬಂದದು. ಪೇರಳೆ ಹೇಳುವ ಹೆಸರಿಲ್ಲಿಯೇ ಪೋರ್ಚುಗೀಸರ 'ಪೇರ' ಹುಗ್ಗಿ ಕೂಯಿದು. ಮೆಣಸು ಹೇಳಿರೆ ಮದಲು ಬಳ್ಳಿಲಿ ಅಪ್ಪ ಗೆಣಮೆಣಸು ಒಂದೇ. ಪರಂಗಿಯವರ ಹಡಗಿಲ್ಲಿ ಈಗಾಣ ಹಸಿಮೆಣಸು ಬಂದ ಮತ್ತೆ, ಹಳೆ ಮೆಣಸಿಂಗೆ 'ಗೆಣ', 'ಒಳ್ಳೆ', 'ಕಾಳು' ಹೇಳಿ ಬೇರೆ ಗುರ್ತ ಸೇರ್ಸೆಕ್ಕಾತು. ಬೀಜದ ಹಣ್ಣು, ಅನಾನಸು, ಮರಗೆಣಸು, ಬಟಾಟೆ, ಟೊಮೆಟೊ, ಇದೆಲ್ಲವೂ ಅಮೇರಿಕದ ಹೊಡೆಂದ ಬಂದ ನೆಂಟ್ರುಗಳೇ. ಬಪ್ಪಂಗಾಯಿಗಂತೂ ಘಟ್ಟದ ಮೇಗಾಣವು ಈಗಳೂ 'ಪರಂಗಿ ಹಣ್ಣು' ಹೇಳಿಯೇ ಹೇಳುದು.

ಬಂದ ಹಣ್ಣಿನ ಕತೆ ಸುಮಾರು ಜೆನ ಬರದ್ದವು. ಆ ಹಣ್ಣಿನ ಹಿಂದಂದ, ನಾಲ್ಕುನೂರು ವರ್ಷ ಕಳುದ ಮತ್ತೆ ಬಂದ ಹುಳುವಿನ ಕತೆಯೂ ಒಂದಿದ್ದು. ಆ ಹುಳುವಿನ ಹಿಂದಂದ ಬಂದ ಕಣಜದ ಕತೆಯೂ ಇದ್ದು. ಹಿತ್ತಿಲಿಲಿ ನಾಲ್ಕು ಗೆಡು ಮಾಡುವ ಹೆಮ್ಮಕ್ಕೊಗೆ ಇದು ಗೊಂತಿರೆಕು ಹೇಳಿ ಕಂಡತ್ತು, ಹಾಂಗಾಗಿ ಇಂದು ಬರವಲೆ ಹೆರಟದು.

ಬಪ್ಪಂಗಾಯಿಯ ಹುಟ್ಟೂರು ಮೆಕ್ಸಿಕೋ, ಮತ್ತೆ ಅದರ ಕೆಳಾಣ ಮಧ್ಯ ಅಮೇರಿಕದ ದೇಶಂಗೊ. ನಮ್ಮ ದೇಶಕ್ಕೆ ಅದು ಬಂದ ದಾರಿಯ ಸುರೂವಿಂಗೆ ಬರದು ಮಡಗಿದವರಲ್ಲಿ ಲಿನ್‌ಸ್ಕೋಟೆನ್ ಹೇಳುವ ಡಚ್ಚಿನವ ಒಬ್ಬ. 1583ರಿಂದ ಸುಮಾರು ಐದು ವರ್ಷ ಅವ ಗೋವೆಲಿ ಅಲ್ಯಾಣ ಆರ್ಚ್‌ಬಿಷಪ್ಪಿನ ಕಾರ್ಯದರ್ಶಿ ಆಗಿತ್ತಿದ್ದ. ಊರಿಂಗೆ ಹೋದ ಮತ್ತೆ, 1596ರಲ್ಲಿ, ಇಲ್ಲಿ ಕಂಡದರ ಎಲ್ಲ ಸೇರ್ಸಿ ಪುಸ್ತಕ ಮಾಡಿದ. ಸ್ಪೇನಿನವರ ಸೀಮೆಂದ ಹೆರಟು, ಫಿಲಿಪೀನ್ಸ್ ದಾಂಟಿ ಮಲಕ್ಕಕ್ಕೆ, ಮಲಕ್ಕಂದ ಇಲ್ಲಿಗೆ ಬಂದ ಹಣ್ಣು ಇದು ಹೇಳಿ ಅದರಲ್ಲಿ ಬರದ್ದ. ಹೇಳಿರೆ, ಗೋವೆಂದ ಕೆಳಾಣ ನಮ್ಮ ಕರಾವಳಿಗೆ ಬಪ್ಪಂಗಾಯಿ ಬಂದದು ಭೂಮಿಗೆ ಅರ್ಧ ಸುತ್ತು ಹಾಕಿಕ್ಕಿ.

ಅಂಬಗ ಹಡಗಿಲ್ಲಿ ಬಂದದು ಎಂತರ? ಒಣಗಿದ ಬಿತ್ತು. ತಿಂಗಳುಗಟ್ಲೆ ಸಮುದ್ರದ ಮೇಲೆ ಹಸಿ ಗೆಡು ಒಳಿಯ, ಹಸಿ ಹಣ್ಣು ಅಂತೂ ಒಳಿಯಲೇ ಒಳಿಯ. ಬಿತ್ತಿಲ್ಲಿ ರಸ ಇಲ್ಲೆ. ರಸ ಹೀರಿ ಬದುಕ್ಕುವ ಹುಳುವಿಂಗೆ ಅದರಲ್ಲಿ ಎಂತ ಕೆಲಸ? ಹಾಂಗಾಗಿ ಬಪ್ಪಂಗಾಯಿ ಅದರ ವೈರಿಗಳ ಹುಟ್ಟೂರಿಲ್ಲಿಯೇ ಬಿಟ್ಟಿಕ್ಕಿ ಬಂತು. ನಮ್ಮ ಅಜ್ಜಿಯಕ್ಕೊ ಬಚ್ಚಲು ಕರೆಲಿ ಬಿತ್ತು ಇಡ್ಕಿರೆ ಸಾಕು, ಅದರಷ್ಟಕ್ಕೇ ಹುಟ್ಟಿ ಕಾಯಿ ಕೊಟ್ಟೊಂಡಿತ್ತು. 'ಬಪ್ಪಂಗಾಯಿಗೆ ಎಂತ ಆರೈಕೆ' ಹೇಳುವ ಅಸಡ್ಡೆ ನವಗೆ ಬಂದದು ಈ ನಾಲ್ಕುನೂರು ವರ್ಷದ ಪುಣ್ಯಂದ.

ಆ ಪುಣ್ಯ ಮುಗುದ್ದು 2008ರಲ್ಲಿ. ಆ ವರ್ಷದ ಜುಲೈ ತಿಂಗಳಿಲ್ಲಿ ಕೊಯಂಬತ್ತೂರಿನ ಬಪ್ಪಂಗಾಯಿ ಗೆಡುಗಳಲ್ಲಿ ಮದಲು ಆರೂ ಕಾಣದ್ದ ಒಂದು ಬೆಳಿ ಹುಳು ಕಂಡತ್ತು. ಕೃಷಿ ಪುಸ್ತಕಲ್ಲಿ ಇಂಥಾ ಹುಳುಗಳ 'ಹಿಟ್ಟು ತಿಗಣೆ' ಹೇಳ್ತವು. ಇದು ಬಪ್ಪಂಗಾಯಿಯ ಹಿಟ್ಟು ತಿಗಣೆ. ಶಾಸ್ತ್ರದ ಹೆಸರು ಪ್ಯಾರಾಕಾಕಸ್ ಮಾರ್ಜಿನೇಟಸ್.

ಈ ಹುಳುವಿನ ಜಾತಕ ನೋಡಿರೆ ವಿಚಿತ್ರ ಇದ್ದು. ಮೆಕ್ಸಿಕೋಲ್ಲಿ 1955ರಲ್ಲಿಯೇ ಇದರ ಹಿಡುದು ಕುಪ್ಪಿಲಿ ಹಾಕಿ ಮಡಗಿತ್ತಿದ್ದವು. ಆದರೆ ಹೆಸರು ಮಡಗಿದ್ದು 1992ರಲ್ಲಿ. ಮೂವತ್ತೇಳು ವರ್ಷ ಹೆಸರಿಲ್ಲದ್ದೆ ಕೂದತ್ತು. ಎಂತಗೆ ಹೇಳಿರೆ, ಅದರ ಊರಿಲ್ಲಿ ಅದು ಉಪದ್ರದ ಹುಳುವೇ ಅಲ್ಲ. ಅಲ್ಲಿ ಅದರ ತಿಂಬ ಕಣಜಂಗೊ ಇದ್ದು, ಅದು ಅಂಕೆಲಿ ಇದ್ದು. 1990ರ ದಶಕದ ನಡುಗೆ ಅದು ಕೆರಿಬಿಯನ್ ದ್ವೀಪಂಗೊಕ್ಕೆ ಹೋತು, 1998ರಲ್ಲಿ ಫ್ಲೋರಿಡಾಕ್ಕೆ ಬಂತು, 2002ರಲ್ಲಿ ಪೆಸಿಫಿಕ್ ಸಮುದ್ರದ ಗುವಾಮ್ ದ್ವೀಪಲ್ಲಿ ಕಂಡತ್ತು. 2008ರಲ್ಲಿ ಇಂಡೋನೇಷ್ಯಾ, ಶ್ರೀಲಂಕಾ, ಭಾರತ ಮೂರರಲ್ಲಿಯೂ. ಬಪ್ಪಂಗಾಯಿ ಹಡಗಿಲ್ಲಿ ತಿಂಗಳುಗಟ್ಲೆ ಬಂದದು. ಹುಳು ಬಂದದು ಹಸಿ ಹಣ್ಣು, ಹಸಿ ಗೆಡು ಎರಡು ದಿನಲ್ಲಿ ದೇಶ ದಾಂಟುವ ಕಾಲಲ್ಲಿ.

ಇದರ ಹೆಣ್ಣಿಂಗೆ ರೆಕ್ಕೆ ಇಲ್ಲೆ. ಹಳದಿ ಮೈ, ಅದರ ಮೇಗೆ ಮೇಣದ ಹಾಂಗಿಪ್ಪ ಬೆಳಿ ಹೊಡಿ. ಹತ್ತಿಯ ಉಂಡೆಯ ಹಾಂಗಿಪ್ಪ ಚೀಲಲ್ಲಿ ನೂರರಿಂದ ಆರುನೂರರ ವರೆಗೆ ಮೊಟ್ಟೆ ಮಡಗುತ್ತು. ಮರಿಗೊ ಗಾಳಿಲಿ ಹಾರ್ತು, ನಮ್ಮ ವಸ್ತ್ರಲ್ಲಿ ಅಂಟಿ ಹೋವುತ್ತು, ಹಣ್ಣಿನ ಹೆಟ್ಟಿಗೆಲಿ ಕೂದು ಪೇಟೆಗೆ ಹೋವುತ್ತು. ಎಲೆಯ ರಸ ಹೀರಿ, ಹೆಚ್ಚಾದ ಸೀವಿನ ಹೆರ ಬಿಡ್ತು. ಆ ಸೀವಿಂಗೆ ಎರುಗು ಬತ್ತು. ಸೀವಿನ ಮೇಗೆ ಕಪ್ಪು ಬೂಸ್ಟು ಹಿಡಿತ್ತು. ಎರುಗು ಸುಮ್ಮನೆ ತಿಂದೊಂಡು ಹೋಪದಲ್ಲ, ಹುಳುವ ತಿಂಬಲೆ ಬಪ್ಪ ಬೇರೆ ಜೀವಿಗಳ ಓಡ್ಸಿ ಕಾವಲು ಕೂರ್ತು.

ಬಪ್ಪಂಗಾಯಿ ಒಂದರಲ್ಲಿಯೇ ನಿಂದತ್ತೋ? ಇಲ್ಲೆ. ಹಿಪ್ಪುನೇರಳೆ, ಮರಗೆಣಸು, ಹತ್ತಿ, ಬದನೆ, ದಾಸವಾಳ, ಮಾರ್ಗದ ಕರೆಯ ಪಾರ್ಥೇನಿಯಂ, ಎಲ್ಲದಕ್ಕೂ ಹತ್ತಿತ್ತು. ಕೊಯಂಬತ್ತೂರು, ಈರೋಡು, ಸೇಲಂ ಹೊಡೆಯ ತೋಟಂಗೊ ಬೋಳಾತು. ಕೇರಳ, ಕರ್ನಾಟಕ, ಮಹಾರಾಷ್ಟ್ರಕ್ಕೂ ಹಬ್ಬಿತ್ತು.

ಎಂಗಳಲ್ಲಿಗೆ ಬಂದದು 2011ರ ಬೇಸಗೆಲಿ. ಬಚ್ಚಲು ನೀರು ಹೋಪಲ್ಲಿ ಮೂರು ಗೆಡು ಇತ್ತಿದ್ದು. ಸುರೂವಿಂಗೆ ಎಲೆಯ ಅಡಿಲಿ ನರದ ಕರೆಂಗೆ ಬೆಳಿ ಗೆರೆ, ಮತ್ತೆ ಕಾಯಿಗೆಲ್ಲ ಅಕ್ಕಿಹೊಡಿ ಮೆತ್ತಿದ ಹಾಂಗೆ. ಪೇಟೆಯ ಮದ್ದಿನ ಅಂಗಡಿಯವ ಒಂದು ಕುಪ್ಪಿ ಕೊಟ್ಟು, ಹತ್ತು ದಿನಕ್ಕೊಂದರಿ ಬಿಡಿ ಹೇಳಿದ. ಬಾವಿ ಆ ಗೆಡುಗಳ ಹತ್ತರೆಯೇ. ಎನ್ನ ಅತ್ತೆ ಕುಪ್ಪಿಯ ಕೈಲಿ ಹಿಡುದು ನೋಡಿಕ್ಕಿ, 'ಬಾವಿ ಕರೆಲಿ ಇದು ಬೇಡ. ಗೆಡು ಹೋದರೆ ಇನ್ನೊಂದು ನೆಡ್ಲಕ್ಕು' ಹೇಳಿದವು. ಗೆಡು ಮೂರೂ ಹೋತು. ನೆರೆಕರೆಲಿ ಮದ್ದು ಬಿಟ್ಟವರ ಗೆಡುವೂ ಒಳುದ್ದಿಲ್ಲೆ.

ಅತ್ತೆಯ ಹೆದರಿಕೆಗೆ ಕಾರಣ ಇದ್ದು. ನಮ್ಮ ಭಾಷೆಲಿ ಜ್ವರಕ್ಕೆ ಕುಡಿವದಕ್ಕೂ 'ಮದ್ದು', ಹುಳು ಕೊಲ್ಲುವ ವಿಷಕ್ಕೂ 'ಮದ್ದು'. ಈ ಎರಡನೇ ಮದ್ದು ಹೇಳಿರೆ ಎಂತರ ಹೇಳಿ ಕಾಸರಗೋಡು, ದಕ್ಷಿಣ ಕನ್ನಡದವಕ್ಕೆ ಬೇರೆ ಆರೂ ಹೇಳಿ ಕೊಡೆಕ್ಕಾದ್ದಿಲ್ಲೆ. ಬೀಜದ ಮರದ ಟೀ ಸೊಳ್ಳೆಯ ಕೊಲ್ಲಲೆ ಹೇಳಿ ಕಾಸರಗೋಡಿನ ಗುಡ್ಡೆಗಳ ಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೆಲಿಕಾಪ್ಟರಿಲ್ಲಿ ಎಂಡೋಸಲ್ಫಾನ್ ಬಿಟ್ಟವು. ಗುಡ್ಡೆಯ ಮೇಗೆ ಬಿದ್ದದು ಮಳೆಗಾಲಲ್ಲಿ ತೋಡಿಂಗೆ, ಕೆರೆಗೆ ಇಳುದತ್ತು. ಬುದ್ಧಿ ಬೆಳೆಯದ್ದ, ನಡವಲೆ ಎಡಿಯದ್ದ ಮಕ್ಕಳ ಮನೆಮನೆಲಿ ಕಂಡ ಮತ್ತೆ ಜೆನ ಹೋರಾಟಕ್ಕೆ ಇಳುದವು. 2011ರ ಮೇ ತಿಂಗಳಿಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಲ್ಲಿ ಅದರ ನಿಲ್ಸಿತ್ತು. ಬೀಜದ ಮರವೂ ಪರಂಗಿಯವು ತಂದದೇ, ನೆಂಪು ಮಡಗಿ. ತಂದ ಗೆಡು, ಅದಕ್ಕೆ ಬಂದ ಹುಳು, ಹುಳುವಿಂಗೆ ಬಿಟ್ಟ ವಿಷ. ಅದರ ಸಾಲ ತೀರ್ಸಿದ್ದು ಗೆಡುವೂ ಅಲ್ಲ, ಹುಳುವೂ ಅಲ್ಲ, ಮಕ್ಕೊ.

ಬಪ್ಪಂಗಾಯಿಯ ಹುಳುವಿಂಗೆ ಮದ್ದು ಹಿಡಿಯದ್ದೆ ಹೋದ್ದಕ್ಕೆ ಕಾರಣ ಎರಡು. ಒಂದು, ಅದರ ಮೈ ಮೇಲಾಣ ಮೇಣ. ನೀರು ಸೇರ್ಸಿದ ಮದ್ದು ಕೆಸವಿನ ಎಲೆಯ ಮೇಲಾಣ ನೀರಿನ ಹಾಂಗೆ ಜಾರಿ ಹೋವುತ್ತು, ಮೊಟ್ಟೆಯ ಚೀಲದ ಒಳಂಗೆ ಇಳಿತ್ತೇ ಇಲ್ಲೆ. ಇನ್ನೊಂದು, ಆ ಮದ್ದು ಹುಳುವ ತಿಂಬ ಒಳ್ಳೆ ಜೀವಿಗಳ ಸುರೂವಿಂಗೆ ಕೊಲ್ಲುತ್ತು. ಒಳುದ ಮೊಟ್ಟೆ ಒಡದು ಮರಿ ಹೆರ ಬಪ್ಪಗ ಅದಕ್ಕೆ ವೈರಿಗಳೇ ಇಲ್ಲೆ. ರೇಷ್ಮೆಯವರ ಬಂಙ ಇನ್ನೂ ಬೇರೆ. ಹಿಪ್ಪುನೇರಳೆಗೆ ವಿಷ ಬಿಟ್ಟರೆ ಆ ಎಲೆ ತಿಂಬ ರೇಷ್ಮೆ ಹುಳುವೇ ಸಾವದು.

ಹಾಂಗಾರೆ ದಾರಿ ಎಂತರ? ದಾರಿ ಹೊಸತ್ತಲ್ಲ, ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿ ಹಳತ್ತು. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಂಗೊಕ್ಕೆ 1880ರ ದಶಕಲ್ಲಿ ಇದೇ ನಮುನೆಯ ಒಂದು ಬೆಳಿ ಹುಳು ಹತ್ತಿ, ಮರಂಗೊಕ್ಕೆ ಗುಡಾರ ಕಟ್ಟಿ ವಿಷದ ಹೊಗೆ ಹಾಕುವ ವರೆಗೆ ಬಂದಿತ್ತು. ಆ ಹುಳು ಆಸ್ಟ್ರೇಲಿಯಂದ ಬಂದದು ಹೇಳಿ ಗೊಂತಾತು. ಅಲ್ಲಿ ಅದು ಉಪದ್ರ ಕೊಡ್ತಿಲ್ಲೆ ಹೇಳಿರೆ ಅದರ ತಿಂಬವ ಅಲ್ಲಿ ಇರೆಕ್ಕನ್ನೆ? ಅದರ ಹುಡ್ಕಲೆ 1888ರಲ್ಲಿ ಆಲ್ಬರ್ಟ್ ಕೋಬೆಲೆ ಹೇಳುವವನ ಕಳುಸಿದವು. ಹುಳು ಹುಡ್ಕಲೆ ಹೇಳಿ ಪರದೇಶಕ್ಕೆ ಹೋಪಲೆ ಸರಕಾರದ ಪೈಸೆ ಸಿಕ್ಕದ್ದ ಕಾರಣ, ಮೆಲ್ಬರ್ನಿನ ವಸ್ತುಪ್ರದರ್ಶನಕ್ಕೆ ಹೋಪವರ ಲೆಕ್ಕಲ್ಲಿ ಅವನ ಸೇರ್ಸಿದವಡ! ಅವ ಅಲ್ಲಿಂದ ಕಳುಸಿದ ಕೆಂಪು ಕಪ್ಪಿನ ಸಣ್ಣ ಗುಲಗಂಜಿ ಹುಳುಗಳಲ್ಲಿ ಸುರೂವಾಣ ಕಂತುಗಳಲ್ಲಿ ಬಂದದು ಬರೀ 129. ಒಂದು ಕಿತ್ತಳೆ ಮರಕ್ಕೆ ಗುಡಾರ ಹಾಕಿ ಅದರೊಳ ಬಿಟ್ಟವು. ಮರಿ ಆಗಿ, ಮರಿಯ ಮರಿ ಆಗಿ, ವರ್ಷ ಒಂದೆರಡರ ಒಳ ತೋಟಂಗೊ ಒಳುದತ್ತು. ನೀಲಗಿರಿಗೂ ಅದೇ ಬೆಳಿ ಹುಳು ಬಂದಪ್ಪಗ, 1930ರ ಆಸುಪಾಸಿಲ್ಲಿ, ಅದೇ ಗುಲಗಂಜಿ ಹುಳುವಿನ ತಂದು ಬಿಟ್ಟವು.

ಅದಕ್ಕೂ ಮದಲು, 1898ರಲ್ಲಿ, ದಕ್ಷಿಣ ಭಾರತದ ಕಾಫಿ ತೋಟಂಗಳ ಹಸುರು ಹೇನಿಂಗೆ ಹೇಳಿ ಆಸ್ಟ್ರೇಲಿಯಂದ ಇನ್ನೊಂದು ಗುಲಗಂಜಿ ಹುಳು ತಂದಿತ್ತಿದ್ದವು. ಅದು ತಂದ ಕೆಲಸವ ಮಾಡಿದ್ದಿಲ್ಲೆ. ಹಸುರು ಹೇನಿನ ಬಿಟ್ಟಿಕ್ಕಿ ಹಿಟ್ಟು ತಿಗಣೆಗಳ ತಿಂದೊಂಡು ಇಲ್ಲಿಯೇ ಸಂಸಾರ ಹೂಡಿತ್ತು. ದ್ರಾಕ್ಷೆ, ಪೇರಳೆ ಬೆಳೆಶುವವು ಈಗಳೂ ಅದರ ಬಿಡ್ತವು.

ಬಪ್ಪಂಗಾಯಿ ಹುಳುವಿಂಗೂ ಇದೇ ಲೆಕ್ಕಾಚಾರ. ಅಮೇರಿಕದ ಕೃಷಿ ಇಲಾಖೆಯವು ಮೆಕ್ಸಿಕೋಲ್ಲಿ ಹುಡ್ಕಿ, ಈ ಹುಳುವಿನ ಮೈಯೊಳ ಮೊಟ್ಟೆ ಮಡಗುವ ಸಣ್ಣ ಕಣಜಂಗಳ ಹಿಡುದವು. ಪೋರ್ಟೊರಿಕೊ ಹೇಳುವ ದ್ವೀಪಲ್ಲಿ ಅದರ ಬೆಳೆಶಿ ಬಿಟ್ಟು ನೋಡಿದವು. ವರ್ಷದೊಳ ಹುಳು ನೂರಕ್ಕೆ ತೊಂಬತ್ತೇಳರಷ್ಟು ಕಮ್ಮಿ ಆತು.

2010ರ ಜುಲೈ ತಿಂಗಳಿಲ್ಲಿ ಪೋರ್ಟೊರಿಕೊಂದ ಮೂರು ಜಾತಿಯ ಕಣಜಂಗೊ ಬೆಂಗಳೂರಿಂಗೆ ಬಂತು. ತರ್ಸಿದ್ದು ಹೆಬ್ಬಾಳ ಹೊಡೆಲಿಪ್ಪ ಕೃಷಿ ಕೀಟಂಗಳ ರಾಷ್ಟ್ರೀಯ ಬ್ಯೂರೋ. ಬಂದಪ್ಪದ್ದೆ ತೋಟಕ್ಕೆ ಬಿಟ್ಟಿದವಿಲ್ಲೆ. ಬಾಗಿಲು ಹಾಕಿದ ಕೋಣೆಲಿ ಮಡಗಿ, ನಮ್ಮ ರೇಷ್ಮೆ ಹುಳುವಿಂಗೆ, ಜೇನಿಂಗೆ, ಬೇರೆ ಒಳ್ಳೆ ಹುಳುಗೊಕ್ಕೆ ತೊಂದರೆ ಮಾಡ್ತೋ ಹೇಳಿ ನೋಡಿದವು. ಅಲ್ಲಿ ಕಣಜವ ಬೆಳೆಶಲೆ ಮದಲು ಬೆಳಿ ಹುಳುವ ಬೆಳೆಶೆಕ್ಕಲ್ಲದಾ? ಅದಕ್ಕೆ ಅವು ಉಪಯೋಗ ಮಾಡಿದ್ದು ಮೊಳಕೆ ಬಂದ ಬಟಾಟೆ. ನಾವು ಅಟ್ಟಲ್ಲಿ ಮೊಳಕೆ ಬಂತು ಹೇಳಿ ಇಡ್ಕುವ ಬಟಾಟೆ ಅಲ್ಲಿ ಹುಳುವಿನ ಹಟ್ಟಿ ಆತು! ಅಕ್ಟೋಬರ್ ತಿಂಗಳಿಲ್ಲಿ ಕೊಯಂಬತ್ತೂರಿಲ್ಲಿ ಬಿಡ್ಲೆ ಸುರು ಮಾಡಿದವು. ಮತ್ತೆ ಕೃಷಿ ವಿಶ್ವವಿದ್ಯಾಲಯದವು, ಕೃಷಿ ವಿಜ್ಞಾನ ಕೇಂದ್ರದವು, ರೇಷ್ಮೆಯವು ಊರೂರಿಂಗೆ ಹಂಚಿದವು.

ಮೂರರಲ್ಲಿ ಹೆಚ್ಚು ಕೆಲಸ ಮಾಡಿದ್ದು ಅಸಿರೋಫೇಗಸ್ ಪಪಾಯೇ ಹೇಳುವ ಒಂದು. ಒಂದು ಮಿಲಿಮೀಟರ್ ಉದ್ದವೂ ಇಲ್ಲೆ, ಸಾಸಮೆ ಕಾಳಿಂದ ಸಣ್ಣ. ಮನುಷ್ಯರಿಂಗೆ ಕುತ್ತುತ್ತಿಲ್ಲೆ. ಎಳದು ಬೆಳಿ ಹುಳುವಿನ ಒಳ ಮೊಟ್ಟೆ ಮಡಗುತ್ತು. ಮರಿ ಒಳಂದೊಳವೇ ತಿಂದು ಬೆಳೆತ್ತು. ಸುಮಾರು ಎರಡು ವಾರಲ್ಲಿ ಹುಳು ಒಣಗಿ ಕಂದು ಬಣ್ಣದ ಚಿಪ್ಪಿ ಆವುತ್ತು, ಕಣಜ ಒಟ್ಟೆ ಮಾಡಿಂಡು ಹೆರ ಬತ್ತು. ಬಂದ ಕಣಜ ಮುಂದಾಣ ಹುಳುವ ಅದರಷ್ಟಕ್ಕೇ ಹುಡ್ಕಿಂಡು ಹೋವುತ್ತು. ಬಿಟ್ಟ ತೋಟಂಗಳಲ್ಲಿ ಐದಾರು ತಿಂಗಳಿಲ್ಲಿ ಹುಳು ಇಳುದತ್ತು. ಬೋಳಾದ ಹಿಪ್ಪುನೇರಳೆ ಪುನಾ ಚಿಗುರಿತ್ತು.

ಇಷ್ಟು ಓದಿಕ್ಕಿ, 'ಹಾಂಗಾರೆ ಎಲ್ಲದಕ್ಕೂ ಪರದೇಶಂದ ಒಂದೊಂದು ಜೀವಿ ತಂದು ಬಿಟ್ಟರಾತು' ಹೇಳಿ ಗ್ರೇಶೆಡಿ. ಕಬ್ಬಿನ ಹುಳುವ ತಿಂಗು ಹೇಳಿ 1935ರಲ್ಲಿ ಆಸ್ಟ್ರೇಲಿಯಕ್ಕೆ ದೊಡ್ಡ ಕಪ್ಪೆಗಳ ತಂದವು. ಅದು ಕಬ್ಬಿನ ಹುಳುವ ಬಿಟ್ಟು ಬಾಕಿ ಎಲ್ಲ ತಿಂದತ್ತು, ಅದರ ಮೈ ವಿಷ ಆದ ಕಾರಣ ಅದರ ತಿಂಬಲೆ ಬಂದ ಜೀವಿಗಳೂ ಸತ್ತತ್ತು. 1883ರಲ್ಲಿ ಎಲಿ ಹಿಡಿವಲೆ ಹೇಳಿ ಹವಾಯಿ ದ್ವೀಪಕ್ಕೆ ಕೀರಿಯ ಕೊಂಡೋದವು. ಎಲಿ ಇರುಳು ತಿರುಗುವದು, ಕೀರಿ ಹಗಲು. ಕೀರಿ ಹಕ್ಕಿಯ ಮೊಟ್ಟೆಯ ತಿಂದೊಂಡು ಕೂದತ್ತು. ಎಲ್ಲವನ್ನೂ ತಿಂಬ ದೊಡ್ಡ ಜೀವಿಯ ತಂದರೆ ಹೀಂಗಕ್ಕು. ಒಂದೇ ಹುಳುವಿನ ನಂಬಿ ಬದುಕ್ಕುವ ಸಣ್ಣ ಕಣಜವ ಪರೀಕ್ಷೆ ಮಾಡಿ ಬಿಟ್ಟದು ಬೇರೆ, ಇದು ಬೇರೆ.

ಎಂಗೊ 2013ರಲ್ಲಿ ಪುನಾ ಬಪ್ಪಂಗಾಯಿ ನೆಟ್ಟೆಯೊ. ಬೆಳಿ ಹುಳು ಕಂಡತ್ತು, ಆದರೆ ಒಂದೆರಡು ಎಲೆಲಿ ಮಾಂತ್ರ. ಮಗಳ ಪರೀಕ್ಷೆಯ ಲೆನ್ಸಿಲ್ಲಿ ನೋಡಿದೆ. ಒಣಗಿದ ಕಂದು ಹುಳುಗಳ ಬೆನ್ನಿಲ್ಲಿ ಸೂಜಿಲಿ ಕುತ್ತಿದ ಹಾಂಗೆ ಉರುಟು ಒಟ್ಟೆ. ಇನ್ನೊಂದು ಎಲೆಲಿ ಮಂಗನ ಮೋರೆಯ ಹಾಂಗಿಪ್ಪ ಸಣ್ಣ ಕೋಶ. ಅದು ನಮ್ಮ ಊರಿನದ್ದೇ ಒಂದು ಪಾತರಗಿತ್ತಿಯ ಕೋಶ. ಅದರ ಹುಳು ಹಿಟ್ಟು ತಿಗಣೆಯ ತಿಂದು ಬೆಳವದು. ಹೇಳಿರೆ, ಪರದೇಶಂದ ಬಂದದೂ, ಮದಲೇ ಇಲ್ಲಿ ಇದ್ದದೂ ಒಟ್ಟಿಂಗೆ ಕೆಲಸ ಮಾಡ್ತು.

ಈಗ ಇದೇ ಪ್ರಶ್ನೆ ತೆಂಗಿನ ತೋಟಕ್ಕೆ ಬೈಂದು. 2016ರಲ್ಲಿ ಪೊಳ್ಳಾಚಿ, ಪಾಲಕ್ಕಾಡು ಹೊಡೆಲಿ ಕಂಡ ಸುರುಳಿ ಬೆಳಿನೊಣ ಈಗ ನಮ್ಮ ಮಡಲಿನ ಅಡಿಲಿಯೂ ಇದ್ದು. ಅಡಿಯ ಬಾಳೆ ಎಲೆ ಕಪ್ಪಾವುತ್ತು, ಊಟಕ್ಕೆ ಬಾಳೆ ಕೊಯ್ವಲೆ ಹೋದರೆ ಕೈಗೆ ಮಸಿ. ಮದ್ದು ಬಿಡುವ ಹೇಳಿ ಎಲ್ಲೋರಿಂಗೂ ಕಾಣ್ತು. ಆದರೆ ಕ್ಯಾಲಿಫೋರ್ನಿಯಾದ ಕತೆ, ಕೊಯಂಬತ್ತೂರಿನ ಕತೆ ಗೊಂತಿಪ್ಪವಕ್ಕೆ ಸುರೂವಿಂಗೆ ಬರೆಕ್ಕಾದ ಪ್ರಶ್ನೆ ಬೇರೆ: ಇದರ ತಿಂಬವ ಇಲ್ಲಿ ಇದ್ದೋ? ಇದ್ದು. ಎನ್‌ಕಾರ್ಸಿಯಾ ಹೇಳುವ ಸಣ್ಣ ಕಣಜ. 1990ರ ದಶಕಲ್ಲಿ ಪೇರಳೆ, ಮರಗೆಣಸಿಂಗೆ ಬಂದ ಇನ್ನೊಂದು ಬೆಳಿನೊಣದ ಹಿಂದಂದ ಅದರಷ್ಟಕ್ಕೇ ನಮ್ಮ ದೇಶಕ್ಕೆ ಬಂದದು. ಕಾಸರಗೋಡಿಲ್ಲಿ 1916ರಲ್ಲಿ ತೆಂಗಿನ ಸಂಶೋಧನೆಗೆ ಹೇಳಿ ಸುರುವಾದ ಕೇಂದ್ರ ಈಗ ದೊಡ್ಡ ಸಂಸ್ಥೆ ಆಯಿದು. ಅವು ಹೇಳುದೂ ಇದನ್ನೇ: ವಿಷ ಬಿಡೆಡಿ, ಕಣಜ ಒಳಿಯಲಿ.

ಮನೆಲಿಪ್ಪ ನಾವು ಮಾಡ್ಲೆ ಎಡಿಗಪ್ಪದು ಸಣ್ಣ ಸಣ್ಣ ಕೆಲಸ. ವಾರಕ್ಕೊಂದರಿ ಎಲೆಯ ಅಡಿ ನೋಡುದು. ಸುರೂವಾಣ ಬೆಳಿ ಹುಳುವ ಹಳೆ ಹಲ್ಲುಜ್ಜುವ ಬ್ರಶ್ಶಿಲ್ಲಿ, ನೀರು ಚಿಮ್ಮಿ ತೆಗವದು. ಎರುಗು ಹತ್ತದ್ದ ಹಾಂಗೆ ಬುಡವ ಚೊಕ್ಕ ಮಡಗುದು. ಹುಳು ಹಿಡುದ ಎಲೆಯ ತೋಡಿಂಗೆ ಇಡ್ಕುಲಾಗ, ಗೊಬ್ಬರಗುಂಡಿಗೂ ಹಾಕುಲಾಗ, ಹೊತ್ತುಸೆಕ್ಕು. ಆದರೆ ಕಂದು ಬಣ್ಣಕ್ಕೆ ತಿರುಗಿ ಒಣಗಿದ ಹುಳುಗೊ ಇಪ್ಪ ಎಲೆಯ ಗೆಡುವಿಲ್ಲಿಯೇ ಬಿಡೆಕ್ಕು. ಅದರೊಳ ಇಪ್ಪದು ನಮ್ಮ ಹೊಡೆಯವು. ನೆರೆಮನೆಲಿ ಹುಳು ಇದ್ದು, ನಿಂಗಳಲ್ಲಿ ಕಣಜ ಇದ್ದು ಹೇಳಿ ಆದರೆ ಅಂಥಾ ಒಂದು ಎಲೆಯ ಅವಕ್ಕೆ ಕೊಡ್ಲಕ್ಕು. ಮದಲು ಬಿತ್ತು, ಸೆಸಿ ಹಂಚಿಗೊಂಡ ಹಾಂಗೆ ಈಗ ಇದರನ್ನೂ ಹಂಚಿಗೊಂಬಲಕ್ಕು.

ಕುಪ್ಪಿ ತಪ್ಪಲೆ ಪೇಟೆಗೆ ಹೆರಡುವ ಮದಲು ಒಂದರಿ ಎಲೆಯ ಮೊಗಚ್ಚಿ ನೋಡಿ, ಉರುಟು ಒಟ್ಟೆ ಇದ್ದೋ ಹೇಳಿ. ನಿಂಗಳ ಹಿತ್ತಿಲಿಲಿ ಬಪ್ಪಂಗಾಯಿ ಈಗ ಹೇಂಗಿದ್ದು? ಮಂಗನ ಮೋರೆಯ ಕೋಶ ಆರಾರೂ ಕಂಡಿದ್ದೀರೋ? ಬರದು ತಿಳಿಶಿ. ಬಪ್ಪಂಗಾಯಿ ಕಾಯಿಯ ತಾಳು ಮಾಡುವ ಕ್ರಮ ಇನ್ನೊಂದರಿ ಹೇಳ್ತೆ.